ಅವಲಕ್ಕಿ ತಿನ್ನುವ ಮೀನಿನ ಫೋಟೊ

ಮೀನು ಕೆಂಪಗಿತ್ತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಹಳೆಯ ಟ್ರಂಕು ತೆಗೆದಾಗ ಅದರ ಫೋಟೊ ಸಿಕ್ಕಿತು. ಫೋಟೊ ಕಪ್ಪು-ಬಿಳುಪು. ಅದರ ಕೆಳಗೇ ಆ ವರ್ಷದ ಡೈರಿಯೂ ಇತ್ತು. ಡೈರಿಯಲ್ಲಿ ಎಲ್ಲೆಲ್ಲೂ ಬರೀ 'ಮೀನು' ಎಂದಿದೆ, ಬಣ್ಣ ಬರೆದಿಲ್ಲ. ಹಾಗಾದರೆ ನನ್ನ ಕೆಂಪು ಎಲ್ಲಿಂದ ಬಂತು? ಅಮ್ಮ ಇದ್ದಾಗ ಒಮ್ಮೆ ಕೇಳಿದ್ದೆ. "ಕೆಂಪೆಲ್ಲಿತ್ತೋ, ಮಾಗಿದ ನಿಂಬೆಹಣ್ಣಿನ ಬಣ್ಣ" ಎಂದಿದ್ದಳು. ವಕೀಲರಾಗಿದ್ದ ನನ್ನ ಸೋದರಮಾವ ಕಿತ್ತಳೆ ಎಂದಿದ್ದರು. "ಮೂರು ಸಾಕ್ಷಿ, ಮೂರು ಬಣ್ಣ. ಮೀನು ಖುಲಾಸೆ" ಎಂದು ನಕ್ಕಿದ್ದರು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಫೋಟೊದಲ್ಲಿ ಇರುವುದನ್ನು ನಂಬಬಹುದು. ಡೈರಿಯಲ್ಲಿ ಇರುವುದನ್ನು ಮುಕ್ಕಾಲು ಪಾಲು ನಂಬಬಹುದು, ಏಕೆಂದರೆ ಅದನ್ನು ಬರೆದವನು ಆಗತಾನೆ ಎಂ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ, ತನ್ನ ಬರವಣಿಗೆಯನ್ನು ತಾನೇ ಮೆಚ್ಚಿಕೊಂಡಿದ್ದ ಹುಡುಗ. ಉಳಿದದ್ದು ನೆನಪು.

ಅಪ್ಪ ಮೂವತ್ತು ವರ್ಷ ಮೈಸೂರಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರಾಗಿದ್ದರು. ಮಲೇರಿಯ ಜೋರಾಗಿದ್ದ ಕಾಲದಲ್ಲಿ ಕೈಯಲ್ಲಿ ಬೆತ್ತ ಹಿಡಿದು ಬೀದಿ ಬೀದಿ ಸುತ್ತಿ, ಹಿತ್ತಿಲುಗಳಿಗೆ ನುಗ್ಗಿ, ನಿಂತ ನೀರು ಹುಡುಕುವುದು ಅವರ ಕೆಲಸ. ಒಡಕು ಬಾನಿ, ಮುರುಕು ಮಡಕೆ, ಹಳೆಯ ಟೈರು, ಎಲ್ಲಿ ನೀರು ನಿಂತು ಸೊಳ್ಳೆಮರಿ ಕಂಡರೂ ಬೆತ್ತದಿಂದ ಒಂದೇಟು. ಹೆಂಗಸರು ಅವರನ್ನು 'ಬಾನಿ ಒಡೆಯೋ ಇನ್‌ಸ್ಪೆಕ್ಟ್ರು' ಎನ್ನುತ್ತಿದ್ದರು. ಅಪ್ಪನಿಗೆ ಅದು ಬಿರುದು. ಒಡೆದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು: 'ಸ್ಥಳ ಪರಿಶೀಲಿಸಲಾಯಿತು. ನಿಂತ ನೀರು ಕಂಡುಬಂದಿದೆ.' ಅವರು ಬರೆದರೆಂದರೆ ಅದು ಕಂಡುಬಂದಂತೆಯೇ. ಮೇಲಿನವರು ಯಾರೂ ಇನ್ನೊಂದು ಸಲ ಬಂದು ನೋಡುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಪರಿಶೀಲಿಸಲು ಉಳಿದದ್ದು ನಮ್ಮ ಮನೆ ಒಂದೇ. ಒಂದು ವಾರ ಅಡುಗೆಮನೆಯ ಕೊಳದಪ್ಪಲೆ, ಬಚ್ಚಲಿನ ಹಂಡೆ ಎಲ್ಲವನ್ನೂ ಬಗ್ಗಿ ನೋಡಿದರು. ಎಂಟನೆಯ ದಿನ ಅಮ್ಮ ಹೇಳಿದಳು: "ಏನೂಂದ್ರೆ, ನಿವೃತ್ತಿ ಆಗಿರೋದು ನಿಮಗೆ, ನನಗಲ್ಲ. ಒಲೆ ಹತ್ರ ಬರ್ಬೇಡಿ."

ಆಗ ಬಂತು ಮೀನು. ಅಪ್ಪನ ಜೊತೆ ಕೆಲಸ ಮಾಡಿದ್ದ ಡಾಕ್ಟರೊಬ್ಬರಿಗೆ ಮದರಾಸಿಗೆ ಹೋಗಬೇಕಾಯಿತು. ಹೋಗುವಾಗ ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ಎರಡು ಚಿನ್ನದ ಮೀನು ತಂದುಕೊಟ್ಟರು. ಒಂದು ಆ ವಾರವೇ ಸತ್ತಿತು. ಇನ್ನೊಂದಕ್ಕೆ ಅಪ್ಪ ಮಂಡಿ ಮೊಹಲ್ಲಾದ ಗಾಜಿನವನಿಂದ ತೊಟ್ಟಿ ಮಾಡಿಸಿದರು. ಎರಡಡಿ ಉದ್ದ, ಕಬ್ಬಿಣದ ಪಟ್ಟಿಯ ಚೌಕಟ್ಟು, ಒಂದು ಮೂಲೆಯಲ್ಲಿ ಸದಾ ಒಸರು. ನಡುಮನೆಯ ಕಿಟಕಿಯ ಪಕ್ಕ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ಅದನ್ನು ಇಟ್ಟರು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಈರುಳ್ಳಿ ತರೋಕೇ ಯೋಚ್ನೆ ಮಾಡೋ ಮನೇಲಿ ಮೀನು ತಂದಿಟ್ರಾ?"

"ತಿನ್ನೋಕಲ್ಲ ಕಣೇ, ನೋಡೋಕೆ."

"ನಾವು ತಿನ್ನಲ್ಲ ಸರಿ. ಅದು ಏನು ತಿನ್ನತ್ತೆ?"

ಡಾಕ್ಟರು ಹುಳು, ಸೊಳ್ಳೆಮರಿ ಎಂದು ಏನೋ ಹೇಳಿಹೋಗಿದ್ದರು. ಅಪ್ಪ ಅದನ್ನು ಸಾರಾಸಗಟಾಗಿ ತಳ್ಳಿಹಾಕಿದರು. ತಮ್ಮ ಮನೆಯಲ್ಲಿ ಇರುವ ಜೀವ ತಮ್ಮಂತೆಯೇ ಉಣ್ಣಬೇಕು. ಸೊಳ್ಳೆಮರಿಯನ್ನಂತೂ ತಾವು ಬೆಳೆಸುವ ಮಾತೇ ಇಲ್ಲ. ಮೀನಿಗೆ ಅವಲಕ್ಕಿ ಎಂದು ತೀರ್ಮಾನವಾಯಿತು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ವಿಭೂತಿಯ ಕೈಯಲ್ಲೇ ಒಂದು ಚಿಟಿಕೆ ತೆಳು ಅವಲಕ್ಕಿಯನ್ನು ಪುಡಿ ಮಾಡಿ ನೀರಿಗೆ ಉದುರಿಸಿ, ತೋರುಬೆರಳಿನಿಂದ ಗಾಜನ್ನು ಮೂರು ಸಲ ಟಕ್ ಟಕ್ ಟಕ್ ಎಂದು ತಟ್ಟುತ್ತಿದ್ದರು.

ಮೀನು ಬರುತ್ತಿತ್ತು. ತೊಟ್ಟಿಯೊಳಗೆ ಇಟ್ಟಿದ್ದ ಕಲ್ಲಿನ ಹಿಂದಿನಿಂದ ಹೊರಟು, ಬಾಲ ಆಡಿಸುತ್ತ ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ನನ್ನ ಡೈರಿಯಲ್ಲಿ ಹೀಗೆ ಇದೆ: 'ಇಂದೂ ಮೀನು ತಂದೆಯವರ ಬೆರಳಿಗೆ ಬಂದಿತು.' ಬಂದದ್ದನ್ನು ನಾನು ನೋಡಿದೆನೇ? ಬೆಳಿಗ್ಗೆ ಆ ಹೊತ್ತಿಗೆ ನಾನು ಏಳುತ್ತಲೇ ಇರಲಿಲ್ಲ ಎಂಬುದೂ ಅದೇ ಡೈರಿಯಿಂದ ಗೊತ್ತಾಗುತ್ತದೆ. ಪ್ರಾಯಶಃ ಅಪ್ಪ ಕಾಫಿ ಕುಡಿಯುತ್ತ ಹೇಳಿದ್ದನ್ನೇ ನಾನು ಕಂಡವನ ಹಾಗೆ ಬರೆದಿದ್ದೇನೆ.

ಅಪ್ಪ ಅದನ್ನು ನನ್ನೊಬ್ಬನಿಗೆ ಹೇಳಿ ಸುಮ್ಮನಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮಾವನಿಗೆ ಹೇಳಿದರು. ಮಾವ ಎಂದರೆ ಅಮ್ಮನ ತಮ್ಮ. ಎರಡು ಬೀದಿ ಆಚೆ ಮನೆ. ಭಾನುವಾರ ಬೆಳಿಗ್ಗೆ ಕಾಫಿಗೆ ಅಕ್ಕನ ಮನೆಗೆ ಬಂದು ಭಾವನನ್ನು ಪಾಟೀಸವಾಲು ಮಾಡದಿದ್ದರೆ ಅವರಿಗೆ ವಾರ ಶುರುವಾಗುತ್ತಿರಲಿಲ್ಲ.

"ಮೀನಿಗೆ ನೀವೇ ಅಂತ ಹೇಗೆ ಗೊತ್ತಾಗತ್ತೆ ಭಾವ?"

"ಬೆರಳು ನೋಡತ್ತೆ."

"ಬೆರಳು ಎಲ್ಲರಿಗೂ ಇದೆ."

"ನನ್ ಬೆರಳು ಅಂತ ಅದಕ್ಕೆ ಗೊತ್ತು."

"ಉಂಗುರ ಇದೆಯಾ? ಮಚ್ಚೆ? ಗಾಯದ ಗುರುತು?"

"ಗುರುತು ಏನೂಂತ ಮೀನನ್ನ ಕೇಳಯ್ಯ, ನನ್ನನ್ನಲ್ಲ."

"ಮೀನು ಕಟಕಟೆ ಹತ್ತಲ್ಲ ಭಾವ. ಅದೇ ನಿಮ್ಮ ಕೇಸಿನ ತೊಂದರೆ."

ಸರಿ, ಬಾ ತೋರಿಸುತ್ತೇನೆ ಎಂದು ಅಪ್ಪ ತೊಟ್ಟಿಯ ಹತ್ತಿರ ಕರೆದೊಯ್ದರು. ಅಮ್ಮ ಒಳಗೆ ತಮ್ಮನಿಗೆ ಕಾಫಿ ಬೆರೆಸುತ್ತಿದ್ದಳು. ಅಪ್ಪ ಅವಲಕ್ಕಿ ಉದುರಿಸಿ ತಟ್ಟಿದರು. ಮೀನು ಕಲ್ಲಿನ ಹಿಂದೆ ಬಾಲ ಮಾತ್ರ ಕಾಣುವಂತೆ ನಿಂತಿತ್ತು. ಮತ್ತೆ ತಟ್ಟಿದರು. ಬಾಲವೂ ಒಳಗೆ ಹೋಯಿತು. ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನ ಭಾನುವಾರವೂ ಹಾಗೇ. ಮಾವ ಮೂರನೆಯ ಸಲ ಗಡಿಯಾರ ನೋಡಿ, "ಹಾಜರಿಲ್ಲ" ಎಂದರು.

"ನೀನು ಹೊಸಬ. ಅದಕ್ಕೇ ನಾಚಿಕೊಳ್ತಿದೆ."

"ನಾನು ಇದ್ರೆ ಬರಲ್ಲ, ನಾನು ಇಲ್ದಿದ್ರೆ ಬರತ್ತೆ. ಭಾವ, ನನ್ ಕಕ್ಷಿದಾರರೆಲ್ಲ ಹೇಳೋದೂ ಇದನ್ನೇ."

ಆ ವರ್ಷ ಸಂಕ್ರಾಂತಿಯ ಊಟ ಮಾವನ ಮನೆಯಲ್ಲಿ. ಹತ್ತು ಹದಿನೈದು ಜನ ಸಾಲಾಗಿ ಕೂತಿದ್ದೆವು. ಹುಗ್ಗಿ ಬಡಿಸುತ್ತಿದ್ದಾಗ ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಭಾವನ ಮನೆ ಮೀನು ಅವಲಕ್ಕಿ ಬಿಟ್ಟು ಬೇರೆ ಮುಟ್ಟಲ್ಲ. ಅದೂ ಆಪೋಶನ ತಗೊಂಡೇ ತಿನ್ನತ್ತೆ. ಭಾವನ ಬೆರಳು ಕಂಡ್ರೆ ಎದ್ದು ಬಂದು ನಮಸ್ಕಾರ ಮಾಡತ್ತೆ. ಆದ್ರೆ ಯಾರೂ ನೋಡ್ಬಾರ್ದು ಅಷ್ಟೆ."

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಇದು ಡೈರಿಯಲ್ಲಿಲ್ಲ; ಆದರೆ ನಕ್ಕೆ ಎಂದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಅಪ್ಪ ತಿರುಗಿ ನೋಡಿದ್ದು ನನ್ನನ್ನೇ. ಅವರು ಎರಡನೆಯ ಸಲ ಹುಗ್ಗಿ ಹಾಕಿಸಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಹೇಳಿದರು: "ಮೂವತ್ತು ವರ್ಷ ನಾನು ಬರೆದದ್ದನ್ನ ಯಾರೂ ಸುಳ್ಳು ಅಂದಿರ್ಲಿಲ್ಲ ಕಣೋ. ಒಂದು ಮೀನಿನ ದೆಸೆಯಿಂದ ಸುಳ್ಳುಗಾರ ಆಗ್ಬುಟ್ಟೆ." ಆಮೇಲೆ, "ನಿನ್ ಹತ್ರ ಕ್ಯಾಮೆರಾ ಇದೆಯಲ್ಲ?" ಎಂದರು.

ಮಾವ ಫೋಟೊಗೆ ಒಪ್ಪಿದರು. ಕರಾರನ್ನು ಅವರೇ ಬಾಯಲ್ಲಿ ಹೇಳಿ ನನ್ನ ಕೈಯಲ್ಲಿ ಬರೆಸಿದರು. ಫೋಟೊದಲ್ಲಿ ಬೆರಳೂ ಮೀನೂ ಒಟ್ಟಿಗೆ ಕಾಣಬೇಕು, ಮೀನು ಮುಖಾಮುಖಿ ಬಂದಿರಬೇಕು. ಹಾಗೆ ಬಂದರೆ ಯುಗಾದಿಯ ದಿನ ನಮ್ಮ ಮನೆಯಲ್ಲಿ ಅದೇ ಪಂಕ್ತಿಯ ಮುಂದೆ, 'ನಮ್ಮ ಭಾವ ಆಡಿದ ಮಾತು ನಿಜ' ಎಂದು ಎದ್ದು ನಿಂತು ಹೇಳುವುದು. ಬರದಿದ್ದರೆ ಅಪ್ಪ ಇನ್ನು ಮುಂದೆ ಮೀನಿನ ಮಾತು ಎತ್ತಬಾರದು.

ನನ್ನ ಹತ್ತಿರ ಇದ್ದದ್ದು ಡಬ್ಬಿ ಕ್ಯಾಮೆರಾ. ಒಂದು ರೋಲಿಗೆ ಎಂಟು ಫೋಟೊ. ಅದರೊಡನೆ ಬಂದ ಕಾಗದದಲ್ಲಿ ಏಳು ಅಡಿ ದೂರ ನಿಲ್ಲಬೇಕೆಂದಿತ್ತು. ನಿಂತೆ. ಮೊದಲ ರೋಲನ್ನು ತೊಳೆಸಿದಾಗ ಒಂದರಲ್ಲಿ ಕಿಟಕಿಯ ಸರಳುಗಳು ಬಹಳ ಚೆನ್ನಾಗಿ ಬಂದಿದ್ದವು, ಮೀನು ಹುಣಿಸೆಬೀಜದಷ್ಟಿತ್ತು. ಹತ್ತಿರ ಹೋಗಿ ತೆಗೆದವುಗಳಲ್ಲಿ ಎಲ್ಲವೂ ಮಜ್ಜಿಗೆಯಲ್ಲಿ ಅದ್ದಿದಂತಿತ್ತು. ಒಂದರಲ್ಲಿ ಮೀನಿನ ಬದಲು ಅಪ್ಪನ ಪಂಚೆಯ ಅಂಚು. ಇನ್ನೊಂದರಲ್ಲಿ ತೊಟ್ಟಿಯ ಗಾಜಿನೊಳಗೆ ಕ್ಯಾಮೆರಾ ಹಿಡಿದು ನಾನೇ ನಿಂತಿದ್ದೆ, ನನ್ನ ಬಿಳಿ ಷರಟಿನ ಹೊಟ್ಟೆಯೊಳಗೆ ಮೀನು ಈಜುತ್ತಿತ್ತು.

ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. "ಇದನ್ನ ಲಾಯರಿಗೆ ತೋರಿಸ್ಬೇಡ. ನೀನೇ ಮೀನು ನುಂಗಿದೀಯ ಅಂತ ಕೇಸ್ ಹಾಕ್ತಾನೆ."

ಫೋಟೊ ತೊಳೆಯುತ್ತಿದ್ದ ಸ್ಟುಡಿಯೋದವರು ಕಡಕೊಳದ ಕಡೆಯವರು. ಮದುವೆ ಜೋಡಿಗಳನ್ನು ಬಿಟ್ಟರೆ ಬೇರೇನನ್ನೂ ತೆಗೆದವರಲ್ಲ. ಆದರೆ ಮೀನಿನ ಕಥೆ ಕೇಳಿ ಅವರಿಗೂ ಹುಮ್ಮಸ್ಸು ಬಂತು.

"ಎಂಗ್ ಬರತ್ತೆ ಸ್ವಾಮಿ ಈ ಡಬ್ಬೀಲಿ? ಇದಕ್ಕೆ ಹತ್ರದ್ದು ಕಾಣಾಕಿಲ್ಲ, ವಯಸ್ಸಾದೋರ ಕಣ್ ಇದ್ದಂಗೆ. ನಿಮ್ಮಪ್ಪಾರು ಓದಾಕೆ ಕನ್ನಡ್ಕ ಆಕ್ಕತಾರಾ? ಅದನ್ನೇ ಇದರ ಕಣ್ಣಿಗೆ ಕಟ್ಬುಡಿ. ಒಂದೂವರೆ ಅಡೀಲಿ ನಿಲ್ಸಿ, ಒಳ್ಳೆ ಬಿಸಿಲಲ್ಲಿ ತೆಗೀರಿ. ಮತ್ತೆ ನೀವು ಕರೀದು ಉಟ್ಕಳಿ, ಬಿಳೀದು ಉಟ್ಕಂಡ್ರೆ ಗಾಜಲ್ಲಿ ಕಾಣ್ತೀರಿ."

ಬ್ರಾಹ್ಮಣರ ಮನೆಯಲ್ಲಿ ಮೈತುಂಬ ಮುಚ್ಚುವ ಕಪ್ಪು ಬಟ್ಟೆ ಎಲ್ಲಿ ಸಿಗಬೇಕು? ಎರಡು ದಿನ ಹುಡುಕಿದೆ. ಅಮ್ಮನ ಒಂದೇ ಒಂದು ಕಪ್ಪು ಸೀರೆಗೆ ಅಂಗೈ ಅಗಲದ ಜರಿ. ಕೊನೆಗೆ ಉಳಿದದ್ದು ಒಂದೇ, ಮಾವನ ವಕೀಲಿ ಗೌನು.

"ನನ್ ವಿರುದ್ಧ ಸಾಕ್ಷಿ ತಯಾರು ಮಾಡೋಕೆ ನನ್ನದೇ ಗೌನಾ?" ಎಂದರು ಮಾವ. ಆದರೆ ಕೊಟ್ಟರು. ಒಂದು ಷರತ್ತು ಹಾಕಿದರು: ಗೌನು ಎಲ್ಲಿರುತ್ತದೋ ಅಲ್ಲಿ ತಾವೂ ಇರಬೇಕು. ಅಪ್ಪ ಇನ್ನೊಂದು ಷರತ್ತು ಹಾಕಿದರು: ಇರಲಿ, ಆದರೆ ಹಿತ್ತಿಲಿಗೆ ಕಾಲಿಡಬಾರದು, ಮೀನು ನಾಚಿಕೊಳ್ಳುತ್ತದೆ. ಹೀಗಾಗಿ ಯುಗಾದಿಗೆ ಎರಡು ವಾರ ಇದ್ದಾಗ, ಒಂದು ಭಾನುವಾರ ಬೆಳಿಗ್ಗೆ ಮಾವ ನಡುಮನೆಯಲ್ಲಿ ಪೇಪರು ಹಿಡಿದು ಕೂತರು. ನಾನು, ಅಪ್ಪ, ಮೀನು ಹಿತ್ತಿಲಿಗೆ ಹೊರಟೆವು.

ತೊಟ್ಟಿಯ ಮುಕ್ಕಾಲು ನೀರನ್ನು ಚೊಂಬಿನಲ್ಲಿ ಮೊಗೆದು ಕೊಡಕ್ಕೆ ತುಂಬಿದೆವು. ಉಳಿದ ನೀರಿನಲ್ಲಿ ಮೀನು ಹುಚ್ಚು ಹಿಡಿದಂತೆ ಸುತ್ತುತ್ತಿತ್ತು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ಕೊಡದ ನೀರನ್ನು ಮತ್ತೆ ಸುರಿದೆವು. ನೀರು ತಿಳಿಯಾಗಲು ಮುಕ್ಕಾಲು ಗಂಟೆ ಬೇಕಾಯಿತು. ಈ ಗಡಿಬಿಡಿಯಲ್ಲಿ ಆ ದಿನ ಮೀನಿಗೆ ಹೊತ್ತಿಗೆ ಸರಿಯಾಗಿ ಅವಲಕ್ಕಿ ಬೀಳಲಿಲ್ಲ.

ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಒಂದೂವರೆ ಅಡಿ ಅಳೆದು ಇಟ್ಟೆ. ಅಪ್ಪನ ಕನ್ನಡಕದ ಒಂದು ಗಾಜು ಅದರ ಕಣ್ಣಿನ ಮೇಲೆ ಬರುವಂತೆ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದೆ. ಇನ್ನೊಂದು ಗಾಜು ಪಕ್ಕದಲ್ಲಿ ಚಾಚಿಕೊಂಡಿತ್ತು. ಕನ್ನಡಕ ಹಾಕಿಕೊಂಡ ಕ್ಯಾಮೆರಾ ಕಚೇರಿಯ ಹಳೆಯ ಗುಮಾಸ್ತನ ಹಾಗೆ ಮೀನನ್ನು ದಿಟ್ಟಿಸುತ್ತಿತ್ತು. ನಾನು ಗೌನನ್ನು ಹಿಂದುಮುಂದಾಗಿ ತೊಟ್ಟು ತಲೆಗೂ ಎಳೆದುಕೊಂಡು ಬಗ್ಗಿದೆ. ಪಕ್ಕದ ಮನೆಯ ಮಹಡಿಯಿಂದ ಯಾರೋ, "ಏನ್ರೀ ಅದು, ಮನೇಲಿ ಏನಾದ್ರೂ ಆಯ್ತಾ?" ಎಂದು ಗಾಬರಿಯಿಂದ ಕೂಗಿದರು. ಅಪ್ಪ, "ಏನಿಲ್ಲ, ಮೀನಿನ ಫೋಟೊ" ಎಂದರು.

ಒಂದು ವಿಷಯವನ್ನು ನಾವು ಯೋಚಿಸಿರಲಿಲ್ಲ. ಕನ್ನಡಕ ಕ್ಯಾಮೆರಾದ ಮೇಲಿದ್ದರೆ ಅಪ್ಪನಿಗೆ ಹತ್ತಿರದ್ದು ಏನೂ ಕಾಣುತ್ತಿರಲಿಲ್ಲ. ತೊಟ್ಟಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಾಜನ್ನು ತಡವಿ, ಎಡ ತುದಿಗೆ ಬೆರಳಿಟ್ಟು ತಟ್ಟಿದರು.

"ಬಂತಾ?"

"ಇಲ್ಲ ಅಪ್ಪ. ಕಲ್ಲಿನ ಹಿಂದಿದೆ."

"ಈಗ?"

"ಇಲ್ಲ."

"ಏನೋ ಅಲ್ಲಾಡ್ತಿದೆಯಲ್ಲೋ?"

"ಅದು ನಿಮ್ಮ ಜನಿವಾರದ ನೆರಳು."

ಏಳು ಫೋಟೊ ಮುಗಿದವು. ಒಂದರಲ್ಲಿ ಬಾಲ ಇರಬಹುದು ಎಂಬ ಆಸೆ. ಗೌನಿನೊಳಗೆ ಬೆವರು ಸುರಿಯುತ್ತಿತ್ತು. ನಡುಮನೆಯಿಂದ ಮಾವ ಕೂಗಿದರು: "ಭಾವಾ, ವಾಯಿದೆ ಬೇಕಾದ್ರೆ ಕೊಡ್ತೀನಿ!" ಅಪ್ಪ ಬೆರಳನ್ನು ಗಾಜಿನ ಮೇಲೆ ಇಟ್ಟುಕೊಂಡೇ, ನನಗೂ ಕೇಳಿಸಬಾರದೆಂಬಂತೆ, "ಬಾರೋ, ಒಂದೇ ಒಂದ್ಸಲ ಬಂದು ಹೋಗೋ" ಎಂದರು. ಮೀನಿಗೆ ಹೇಳಿದ್ದು.

ಮೀನು ಬಂತು. ಕಲ್ಲಿನ ಹಿಂದಿನಿಂದ ಬಾಣದ ಹಾಗೆ ಹೊರಟು ಗಾಜಿಗೆ ಮೂತಿ ಒತ್ತಿ ಬಾಯಿ ತೆರೆಯಿತು. ಕ್ಯಾಮೆರಾದ ಸಣ್ಣ ಕಿಂಡಿಯಲ್ಲಿ ಅದು ಕಂಡದ್ದೇ ತಡ, ನಾನು ಒತ್ತಿದೆ.

"ಬಂತು ಅಪ್ಪ! ಬಂತು! ತೆಗೆದೆ!"

ಅಪ್ಪ ಎದ್ದು ನಿಂತು, ನಾನು ಹುಟ್ಟಿದಂದಿನಿಂದ ಎಂದೂ ಮಾಡದ ಹಾಗೆ, ನನ್ನ ಬೆನ್ನು ತಟ್ಟಿದರು. ಬೆನ್ನೆಂದು ತಟ್ಟಿದ್ದು ತಲೆಗೆ ಬಿತ್ತು. ಗೌನಿನಲ್ಲಿ ಯಾವುದು ಎಲ್ಲಿದೆ ಎಂದು ಅವರಿಗೆ ತಿಳಿಯುವಂತಿರಲಿಲ್ಲ.

ಆ ಗಳಿಗೆಯಲ್ಲಿ ನನ್ನ ಹಿಂದೆ ಬಳೆಯ ಸದ್ದು ಕೇಳಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆ ಸದ್ದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಡೈರಿಯಲ್ಲಿ ಇಷ್ಟೇ ಇದೆ: 'ಎಂಟನೆಯದು ಬಿತ್ತು. ಬಹಳ ಸೆಕೆ.'

ಯುಗಾದಿಯ ಹಿಂದಿನ ದಿನ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವರು ದೊಡ್ಡದಾಗಿ ಪ್ರಿಂಟು ಹಾಕಿ ಇಟ್ಟಿದ್ದರು. ಮೀನು ಅಂಗೈ ಉದ್ದ ಬಂದಿತ್ತು. ಒಂದೊಂದು ಪೊರೆಯನ್ನೂ ಎಣಿಸಬಹುದಿತ್ತು. ಎಡಗಡೆ ಅಪ್ಪನ ಬೆರಳು, ಉಗುರಿನ ಸಮೇತ. ಆದರೆ ಮೀನು ಬೆರಳಿನ ಹತ್ತಿರ ಇರಲಿಲ್ಲ, ಬಲ ತುದಿಯಲ್ಲಿತ್ತು. ಬೆರಳಿಗೆ ಹೆಚ್ಚುಕಡಿಮೆ ಬಾಲ ತೋರಿಸಿಕೊಂಡು, ಮೇಲಕ್ಕೆ ನೋಡುತ್ತಿತ್ತು. ಅದು ನೋಡುತ್ತಿದ್ದ ಕಡೆ, ಗಾಜಿನ ಮೇಲೆ, ಬಿಸಿಲಿನಲ್ಲಿ ನಿಂತ ಒಬ್ಬ ಹೆಂಗಸಿನ ಬಿಂಬ. ಮುಖ ಮಸಕು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈಯಲ್ಲಿ ಹಿಡಿಯಿರುವ ಏನೋ ಒಂದು ದುಂಡನೆಯ ಸಾಮಾನು.

"ಈಯಮ್ಮ ಯಾರೋ ಅಡ್ಡ ಬಂದ್ಬುಟ್ಟವ್ರೆ" ಎಂದರು ಸ್ಟುಡಿಯೋದವರು. "ಬೇಕಾದ್ರೆ ನೆಗೆಟಿವ್‌ನಲ್ಲೇ ತಿದ್ದಿ ಅವರನ್ನ ತೆಗೆದ್ಬುಡ್ತೀನಿ. ಗೊತ್ತೇ ಆಗಾಕಿಲ್ಲ. ನಾಕು ದಿನ ಕೊಡಿ."

ತೆಗೆಸದೆ ತಂದೆ. ಸತ್ಯದ ಮೇಲಿನ ಗೌರವದಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನಂಬಿದ್ದೆ. ನನ್ನ ವಿದ್ಯಾರ್ಥಿಗಳಿಗೆ ಒಂದೆರಡು ಸಲ ಉದಾಹರಣೆಯಾಗಿಯೂ ಹೇಳಿದ್ದೇನೆ. ಡೈರಿ ಹೇಳುವುದು ಬೇರೆ: 'ನಾಳೆಯೇ ಹಬ್ಬ. ನಾಲ್ಕು ದಿನ ಎಲ್ಲಿಂದ ತರಲಿ?'

ಯುಗಾದಿಯ ದಿನ ಬೇವುಬೆಲ್ಲ ಆಯಿತು, ಎಲೆ ಹಾಕಿಯಾಯಿತು. ಮಾವನ ಮನೆಯವರೆಲ್ಲ ಬಂದಿದ್ದರು. ಅಪ್ಪ ಹೊಸ ಪಂಚೆ ಉಟ್ಟು, ಫೋಟೊವನ್ನು ಲಕೋಟೆಯಲ್ಲಿಟ್ಟು ಗೂಡಿನಲ್ಲಿ ಇಟ್ಟಿದ್ದರು. ಅದನ್ನು ಅವರು ನೋಡಿದ್ದರು. ಮೀನನ್ನೂ ಬೆರಳನ್ನೂ ನೋಡಿ, "ಬಂದಿದೆ" ಎಂದಿದ್ದರು. ಮಿಕ್ಕದ್ದನ್ನು ನೋಡಿದಂತಿರಲಿಲ್ಲ. ನಾನು ಹೇಳಲೂ ಇಲ್ಲ. ಒಬ್ಬಟ್ಟಿನ ಊಟ ಮುಗಿದ ಮೇಲೆ, "ಕೈ ತೊಳ್ಕೊಂಡು ಬಾರಯ್ಯ ಲಾಯರೆ, ತುಪ್ಪದ ಕೈಲಿ ಮುಟ್ಬೇಡ" ಎಂದರು.

ಮಾವ ಫೋಟೊವನ್ನು ಬೆಳಕಿಗೆ ಹಿಡಿದರು. ಎಲ್ಲರೂ ಸುತ್ತ ಮುತ್ತಿಕೊಂಡರು.

"ಮೀನು ಇದೆ" ಎಂದರು ಮಾವ. "ಬೆರಳು ಇದೆ. ಭಾವ, ಇದು ಯಾರು?"

"ಯಾವುದು?" ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಒಂದ್ ಕೈ ಸೊಂಟದ ಮೇಲಿಟ್ಟು, ತಲೆ ವಾರೆ ಮಾಡಿ. ಚಿಕ್ಕಂದಿನಲ್ಲಿ ನಾನು ಮರದಿಂದ ಇಳಿಯೋವರೆಗೂ ಕೆಳಗೆ ಹಿಂಗೇ ನಿಂತಿರ್ತಿದ್ಲು. ಅಕ್ಕಾ, ಬಾ ಇಲ್ಲಿ. ಕೈಲಿ ಏನಿದು?"

ಅಮ್ಮ ಎಲೆ ಎತ್ತುತ್ತಿದ್ದವಳು ಎತ್ತುತ್ತಲೇ ಹೇಳಿದಳು: "ಜಾಲರಿ. ಹಳೇ ಟೀ ಜಾಲರಿ."

"ಹಿತ್ತಿಲಲ್ಲಿ ಟೀ ಸೋಸ್ತಿದ್ಯಾ?"

"ಟೀ ಅಲ್ಲ."

"ಮತ್ತೆ?"

ಅಮ್ಮ ಎಲೆಗಳನ್ನು ಮಡಿಸಿ ಕೆಳಗಿಟ್ಟಳು. "ಅವಲಕ್ಕಿ ತಿಂದು ಅದರ ಹೊಟ್ಟೆ ಉಬ್ಬರಿಸ್ಕೊಂಡು ಮಗ್ಗುಲಾಗಿ ತೇಲ್ತಿತ್ತು. ಜೊತೇದೂ ಹಾಗೇ ಸತ್ತದ್ದು. ಮನೇಲಿ ಒಂದು ಜೀವ ಕಣ್ಮುಂದೆ ಸಾಯೋದು ನೋಡ್ಕೊಂಡಿರ್ಲಾ? ಬಚ್ಚಲಮನೆ ಹಿಂದೆ ಒಂದು ಒಡಕು ಬಾನಿ ಇದೆ. ಬನ್ನಿ."

ಹಬ್ಬದ ಪಂಕ್ತಿಯೆಲ್ಲ ಹಿತ್ತಿಲಿಗೆ ನಡೆಯಿತು. ಬಚ್ಚಲಮನೆಯ ಹಿಂದೆ, ಕೆಸುವಿನ ಎಲೆಗಳ ಮರೆಯಲ್ಲಿ ಬಾನಿ. ಅದರ ಬಿರುಕಿನ ಕೆಳಗೆ ಅರ್ಧದಷ್ಟು ನೀರು. ಅಪ್ಪ ಬೆತ್ತ ತಂದಿದ್ದರು. ಯಾವಾಗ ತೆಗೆದುಕೊಂಡರೋ ಗೊತ್ತಿಲ್ಲ, ಹಳೆಯ ಅಭ್ಯಾಸ. ಬಗ್ಗಿ ನೋಡಿದರು. ನೀರಿನ ಮೇಲೆಲ್ಲ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ತಲೆಕೆಳಗಾಗಿ ನೇತಾಡ್ತಿವೆ" ಎಂದರು ಅಪ್ಪ. "ಮಲೇರಿಯದ್ದಲ್ಲ, ಅದು ನೀರಿಗೆ ಅಡ್ಡ ಮಲಗಿರತ್ತೆ." ಆ ಮಾತು ಅವರಿಗೆ ಗೊತ್ತಿಲ್ಲದೆಯೇ ಬಾಯಿಂದ ಬಂದಂತಿತ್ತು. ಆಮೇಲೆ ಕೇಳಿದರು: "ಎಷ್ಟು ದಿನದಿಂದ?"

"ಆರು ತಿಂಗಳಿಂದ."

"ಬಾನಿ ಒಡೆಯೋ ಇನ್‌ಸ್ಪೆಕ್ಟರ ಮನೇಲಿ!"

"ನಿಮಗೆ ಗೊತ್ತಾಗ್ಬಾರ್ದು ಅಂತ ಎಷ್ಟು ಒದ್ದಾಡಿದೀನಿ. ದಿನಾ ಜಾಲರೀಲಿ ಮರಿ ಸೋಸ್ಕೊಂಡು ಅಡುಗೆಮನೆ ಬಾಗಿಲಲ್ಲಿ ಕಾಯ್ಬೇಕು, ನೀವು ಟಕ್ ಟಕ್ ಮುಗಿಸಿ ಯಾವಾಗ ಆಚೆ ಹೋಗ್ತೀರೋ ಅಂತ. ಫೋಟೊ ದಿನ ಗಂಟೆ ಹತ್ತೂವರೆ ಆದ್ರೂ ನೀವು ತೊಟ್ಟಿ ಬಿಟ್ಟು ಏಳ್ಲಿಲ್ಲ. ಅದು ಹಸ್ಕೊಂಡಿತ್ತು. ನೋಡೋಣ ಅಂತ ಬಂದೆ."

ಅಪ್ಪ ಬೆತ್ತ ಎತ್ತಿದರು.

"ಒಡೀರಿ" ಎಂದಳು ಅಮ್ಮ. "ನಾಳೆಯಿಂದ ನೀವೇ ಸಾಕಿ. ಅವಲಕ್ಕಿ ಡಬ್ಬ ಎಲ್ಲಿದೇಂತ ಗೊತ್ತಲ್ಲ."

ಆಗ ಮಾತಾಡಿದ್ದು ಮಾವ. ಗೆದ್ದವರ ದನಿ ಅದಾಗಿರಲಿಲ್ಲ. "ತಾಳಿ ಭಾವ. ಒಂದು ನಿಮಿಷ. ನೀವು ದಿನಾ ಬೆಳಿಗ್ಗೆ ತಟ್ಟೋವಾಗ ಅಕ್ಕ ನಿಮ್ ಬೆನ್ನ ಹಿಂದೆ ಬಾಗಿಲಲ್ಲಿ ನಿಂತಿರ್ತಿದ್ಲು, ಅಲ್ವಾ? ಮೀನು ಬರ್ತಿತ್ತು. ನಾನು ಬಂದಾಗ್ಲೆಲ್ಲ ಅಕ್ಕ ಒಳಗೆ ನನಗೆ ಕಾಫಿ ಬೆರೆಸ್ತಿದ್ಲು. ಮೀನು ಬರ್ಲಿಲ್ಲ." ಅವರು ತಿರುಗಿ ಎಲ್ಲರನ್ನೂ ನೋಡಿದರು. ಕರಾರಿನಂತೆ ಎದ್ದು ನಿಲ್ಲುವ ಅಗತ್ಯವಿರಲಿಲ್ಲ, ನಿಂತೇ ಇದ್ದರು. "ನಮ್ಮ ಭಾವ ಆಡಿದ ಮಾತು ನಿಜ. ಮೀನು ಬರ್ತಿತ್ತು, ಅವರು ಕಂಡಿದ್ರು, ಕಂಡದ್ದನ್ನ ಹೇಳಿದ್ರು. ಯಾರಿಗೋಸ್ಕರ ಬರ್ತಿತ್ತು ಅನ್ನೋದು ಬೇರೆ ಕೇಸು."

ಯಾರೋ ನಗಲು ಶುರುಮಾಡಿದರು. ಅಮ್ಮನೇ ಇರಬೇಕು. ಅಪ್ಪ ಬೆತ್ತ ಇಳಿಸಿದರು. ಇಳಿಸಿ, ಫೋಟೊ ಇಸಿದುಕೊಂಡು, ನನ್ನ ಕಡೆ ಕೈ ಚಾಚಿ, "ಪೆನ್ನು ಕೊಡೋ" ಎಂದರು. ಒಗೆಯುವ ಕಲ್ಲಿನ ಮೇಲಿಟ್ಟು ಹಿಂಬದಿಯಲ್ಲಿ ಬರೆದರು. ಅದು ಈಗ ನನ್ನ ಮುಂದಿದೆ. ಮುಂದುಗಡೆ ಮೀನು ಬಿಳಚಿಕೊಂಡು ಮಸಕಾಗಿದೆ, ಹಿಂದಿನ ಶಾಯಿ ಮಾತ್ರ ಹಾಗೇ ಇದೆ:

'ಸ್ಥಳ ಪರಿಶೀಲಿಸಲಾಯಿತು. ಮೀನು ಮನೆಯಾಕೆಯನ್ನು ಗುರುತಿಸುತ್ತದೆ. ಅವಲಕ್ಕಿ ತಿನ್ನುವುದಿಲ್ಲ. ನಿಂತ ನೀರು ಕಂಡುಬಂದಿದೆ, ಒಂದು ಬಾನಿ. ಒಡೆಯತಕ್ಕದ್ದು.' ಕೊನೆಯ ಪದವನ್ನು ಹೊಡೆದುಹಾಕಿ ಅದರ ಕೆಳಗೆ: 'ಪ್ರತಿ ಶುಕ್ರವಾರ ನೀರು ಪೂರ್ತಿ ಚೆಲ್ಲಿ, ಬಾನಿ ಉಜ್ಜಿ, ಹೊಸ ನೀರು ತುಂಬತಕ್ಕದ್ದು. ಮರಿ ರೆಕ್ಕೆ ಕಟ್ಟುವ ಮೊದಲು.' ಕೆಳಗೆ ರುಜು.

ಶುಕ್ರವಾರದ ಕೆಲಸವನ್ನು ಅವರೇ ವಹಿಸಿಕೊಂಡರು. ಹತ್ತು ಹದಿನೈದು ದಿನದ ಮೇಲೆ ಜಾಲರಿಯೂ ಅವರ ಕೈಗೆ ಬಂತು. ಸಂಧ್ಯಾವಂದನೆಗೆ ಮುಂಚೆ, ಸ್ನಾನಕ್ಕೂ ಮುಂಚೆ, ಮೈಲಿಗೆಯ ಕೆಲಸ ಎಂದು ಗೊಣಗುತ್ತ. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ಬೇಗ ಎದ್ದೆ. ಅಮ್ಮ ಬೀದಿಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ನಡುಮನೆಯಲ್ಲಿ ಅಪ್ಪ ಒಬ್ಬರೇ, ಬರಿಗೈಯಲ್ಲಿ, ಗಾಜಿನ ಎಡ ತುದಿಗೆ ಬೆರಳಿಟ್ಟು ತಟ್ಟಿದರು. ಮೀನು ಕಲ್ಲಿನ ಹಿಂದಿನಿಂದ ಹೊರಟು ನೇರ ಬೆರಳಿಗೆ ಬಂದು ಬಾಯಿ ತೆರೆಯಿತು. ಅಪ್ಪ ಹಿಂದೆ ತಿರುಗಿ ಅಡುಗೆಮನೆಯ ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಒಂದು ಸಲ ತಟ್ಟಿದರು.

ಅದನ್ನು ಅವರು ಮಾವನಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹಾಗಾದರೆ ನಾನು ಕಂಡದ್ದೇ ಇರಬೇಕು. ಡೈರಿಯಲ್ಲಿ ಆ ವಾರದ ಪುಟಗಳೆಲ್ಲ ಖಾಲಿ ಇವೆ. ಕ್ಯಾಮೆರಾದಲ್ಲಿ ಫಿಲ್ಮು ಇರಲಿಲ್ಲ.